ಆ ಸಹಿಗೆ ಹೆದರಬೇಡಿ

ಪ್ರಶ್ನೆ: ನನ್ನ ತಮ್ಮ ಛತ್ತೀಸ್‌ಗಢದ ಒಂದು ಕಲ್ಲಿದ್ದಲು ಗಣಿಯಲ್ಲಿ ಕಂಟ್ರಾಕ್ಟರ್ ಕೈಕೆಳಗೆ ಫಿಟ್ಟರ್ ಆಗಿದ್ದ. 2025ರ ಏಪ್ರಿಲ್‌ನಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟ್‌ಗೆ ಕೈ ಸಿಕ್ಕಿ ಬಲಗೈಯ ಎರಡು ಬೆರಳು ಬುಡದಿಂದಲೇ ಹೋದವು. ಆಗ ಅವನಿಗೆ 30 ವರ್ಷ, ಸಂಬಳ 18,000 ರೂಪಾಯಿ. ಆಸ್ಪತ್ರೆ ಖರ್ಚು ಕೊಟ್ಟರು. ಕೈಗೆ 40,000 ಕೊಟ್ಟು, 'ಇನ್ನೇನೂ ಕೇಳುವುದಿಲ್ಲ' ಎಂದು ಸಹಿ ಹಾಕಿಸಿಕೊಂಡು ಊರಿಗೆ ಕಳಿಸಿದರು. ಈಗ ಏನಾದರೂ ಮಾಡಬಹುದಾ? ಅಷ್ಟು ದೂರ ಕೇಸಿಗೆ ಓಡಾಡಲು ನಮ್ಮಿಂದ ಆಗದು.
– ಒಬ್ಬ ಅಕ್ಕ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಖಂಡಿತ ಮಾಡಬಹುದು. ನಿಮ್ಮ ಪತ್ರ ಓದಿ ನನಗೆ ನಮ್ಮಪ್ಪನ ಕೈ ಕಣ್ಣಿಗೆ ಬಂತು. ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ಅವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ ನೋಡಿಕೊಳ್ಳುತ್ತಿದ್ದರು. ಒಂದು ಡಿಸೆಂಬರ್‌ನಲ್ಲಿ ಹಣ್ಣಿನ ಜೊತೆ ಬೆರಳೂ ಒಳಗೆ ಹೋಯಿತು. ತೋಟದ ರೈಟರ್ ಮನೆಗೆ ಬಂದು ಸಾವಿರ ರೂಪಾಯಿ ಕೊಟ್ಟು, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. 'ಒತ್ತಿದ್ದೀನಲ್ಲ, ಇನ್ನು ಕೇಳಬಾರದು' ಅಂತ ಅಪ್ಪ ಕೊನೆಯವರೆಗೂ ನಂಬಿದ್ದರು. ಅದು ಸುಳ್ಳು ಅಂತ ನನಗೆ ಗೊತ್ತಾಗಿದ್ದು ಕಾನೂನು ಓದುವಾಗ. ಅಷ್ಟರಲ್ಲಿ ಅವರು ಇರಲಿಲ್ಲ.

1923ರ ನೌಕರರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ನೋಡಿ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂದು ಕೆಲಸಗಾರ ಎಂಥ ಕಾಗದಕ್ಕೆ ಸಹಿ ಹಾಕಿದ್ದರೂ ಅದಕ್ಕೆ ಬೆಲೆ ಇಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ ನಿಜ. ಆದರೆ ನಿಮ್ಮ ತಮ್ಮನಿಗೆ ಪೆಟ್ಟಾಗಿದ್ದು ಅದಕ್ಕೂ ಮೊದಲು. ಹಾಗಾಗಿ ಹಳೇ ಕಾಯ್ದೆಯ ಲೆಕ್ಕವೇ.

ಆ ಲೆಕ್ಕ ಹೀಗಿದೆ. ಸಂಬಳ ಎಷ್ಟೇ ಇದ್ದರೂ 15,000ದವರೆಗೆ ಮಾತ್ರ ಹಿಡಿಯುತ್ತಾರೆ. ಅದರ ಶೇ 60 ಅಂದರೆ 9,000. 30 ವರ್ಷ ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಅಂಕಿ 207.98. ಗುಣಿಸಿದರೆ 18,71,820. ಒಂದು ಕೈಯ ಎರಡು ಬೆರಳು ಹೋದರೆ ಶೇ 20 ಎಂದು ಪಟ್ಟಿಯಲ್ಲೇ ಇದೆ. ಅಲ್ಲಿಗೆ 3,74,364 ರೂಪಾಯಿ. ಅವರು ಕೊಟ್ಟಿದ್ದು 40,000! ಅದನ್ನು ಇದರಲ್ಲಿ ಕಳೆಯಬಹುದು, ಆಸ್ಪತ್ರೆ ಖರ್ಚನ್ನು ಮಾತ್ರ ಕಳೆಯುವಂತಿಲ್ಲ. ಒಂದು ತಿಂಗಳೊಳಗೆ ಕೊಡದೇ ಇದ್ದುದಕ್ಕೆ ವರ್ಷಕ್ಕೆ ಶೇ 12 ಬಡ್ಡಿಯೂ ಸೇರುತ್ತದೆ.

ಛತ್ತೀಸ್‌ಗಢಕ್ಕೆ ಹೋಗುವುದೂ ಬೇಡ. ಕೆಲಸಗಾರ ವಾಸವಿರುವ ಊರಿನ ಕಡೆಯ, ಇಂಥ ಪರಿಹಾರದ ಕೇಸು ನೋಡುವ ಆಯುಕ್ತರ ಮುಂದೆಯೇ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಕಂಟ್ರಾಕ್ಟರ್ ಜೊತೆ ಗಣಿಯವರನ್ನೂ ಎದುರು ಪಾರ್ಟಿ ಮಾಡಿ. 'ಅವನು ನಮ್ಮ ಆಳಲ್ಲ' ಅಂತ ಅವರು ಕೈ ತೊಳೆದುಕೊಳ್ಳಲು 12ನೇ ಸೆಕ್ಷನ್ ಬಿಡುವುದಿಲ್ಲ.

ಅರ್ಜಿಗೆ ಎರಡು ವರ್ಷದ ಗಡುವಿದೆ, 2027ರ ಏಪ್ರಿಲ್‌ನಲ್ಲಿ ಪೆಟ್ಟಾದ ತಾರೀಕು ದಾಟಿಸಬೇಡಿ. ಮೊದಲು ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ, ರಿಜಿಸ್ಟ್ರೇಷನ್ ಸೇರಿಸಿ, ನೋಟಿಸ್ ಕಳಿಸಿ. ಗೇಟ್ ಪಾಸ್, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್, ಡಿಸ್ಚಾರ್ಜ್ ಚೀಟಿ ಎಲ್ಲ ಒಂದು ಕವರ್‌ನಲ್ಲಿ ಹಾಕಿಡಿ. ನಮ್ಮ ಮಳೆಗಾಲಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ, ಈಗಲೇ ಜೆರಾಕ್ಸ್ ಮಾಡಿಸಿ.

ಇನ್ನೊಂದು ಮಾತು. ತಮ್ಮನಿಗೆ ಕೆಮ್ಮು, ಏದುಸಿರು ಇದ್ದರೆ ಎದೆಯ ಎಕ್ಸ್‌ರೇ ತೆಗೆಸಿ. ಕಲ್ಲಿದ್ದಲು ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೂ ಪರಿಹಾರದ ಪಟ್ಟಿಯಲ್ಲಿದೆ.

ವಕೀಲರ ಫೀಸಿಗೆ ಚಿಂತೆ ಬೇಡ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಕಾರ್ಮಿಕರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಸುಮ್ನೆ ಮನೆಯಲ್ಲಿ ಕೂರಲು ಬಿಡಬೇಡಿ.