ಕಾಗದದಲ್ಲಿ ಕೇಳಿದ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಚಾರ್ಲ್ಸ್ ಡಾರ್ವಿನ್ನರ ಪತ್ರವ್ಯವಹಾರದ ಬಗ್ಗೆ ಬಂದ ಲೇಖನಕ್ಕೆ ಶಿರಸಿ ಕಡೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿಯೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಅವರ ಪತ್ರದ ಸಾರ ಇಷ್ಟು: ವಿಕಾಸವಾದವನ್ನು ವಿವರಿಸಬೇಕಾದ ಪುಟಗಳನ್ನು ಪಾರಿವಾಳದ ಚರ್ಮ, ಬೀಜದ ಪೊಟ್ಟಣ, ಹೊಟ್ಟೆನೋವಿನ ದೂರುಗಳಿಗೆ ಕೊಟ್ಟಿದ್ದೀರಿ. ದೊಡ್ಡ ವಿಜ್ಞಾನಿ ಒಬ್ಬನೇ ಕೂತು ಯೋಚಿಸಿ ಸಿದ್ಧಾಂತ ಕಟ್ಟುತ್ತಾನೆ. ಅವನ ದಿನನಿತ್ಯದ ಕಾಗದಗಳು ಕುತೂಹಲಕ್ಕೆ ಸರಿ, ವಿಜ್ಞಾನವಲ್ಲ. ಪ್ರಯೋಗಾಲಯವೇ ಇಲ್ಲದ ನಮ್ಮ ಮಕ್ಕಳಿಗೆ ಇದರಿಂದ ಸಿಗುವುದೇನು?

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. 1855ರ ಏಪ್ರಿಲ್‌ನಲ್ಲಿ ‘ಗಾರ್ಡನರ್ಸ್ ಕ್ರಾನಿಕಲ್’ ಎಂಬ ಇಂಗ್ಲೆಂಡಿನ ವಾರಪತ್ರಿಕೆಯಲ್ಲಿ ಡಾರ್ವಿನ್ನರದೊಂದು ಸಣ್ಣ ಪತ್ರ ಅಚ್ಚಾಯಿತು. ಸಮುದ್ರದ ನೀರಿನಲ್ಲಿ ನೆನೆದರೆ ಬೀಜ ಸಾಯುತ್ತದೆಯೇ ಎಂದು ಅವರು ತೋಟಗಾರರನ್ನು ಕೇಳಿದ್ದರು. ನಡುಗಡಲಿನ ದ್ವೀಪಗಳಿಗೆ ಗಿಡಮರಗಳು ಹೋದದ್ದು ಹೇಗೆ ಎಂಬ ದೊಡ್ಡ ಒಗಟು ಈ ಸಣ್ಣ ಪ್ರಶ್ನೆಯ ಹಿಂದಿತ್ತು. ಹಿಂದೊಮ್ಮೆ ನೆಲವೇ ಅಲ್ಲಿಯವರೆಗೆ ಚಾಚಿಕೊಂಡಿದ್ದು ಆಮೇಲೆ ಮುಳುಗಿತು ಎನ್ನುವವರಿದ್ದರು. ಡಾರ್ವಿನ್ನರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಬಾಟಲಿಗಳಲ್ಲಿ ಉಪ್ಪುನೀರು ತುಂಬಿ, ಬೀಜ ನೆನೆಹಾಕಿ, ಆಮೇಲೆ ಬಿತ್ತಿ ನೋಡಿದರು. 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ನೆನೆದ ಮೇಲೂ ಮೊಳೆತವು; ಕೆಲವು 137 ದಿನ ತಡೆದುಕೊಂಡವು. ಉಪ್ಪು, ನೀರು, ಬಾಟಲಿ, ಬೀಜ: ಇಷ್ಟೇ ಅವರ ಪ್ರಯೋಗಾಲಯ. ಅದೇ ವರ್ಷ ಅವರು ತಮ್ಮ ಕೇಂಬ್ರಿಜ್ ಗುರು ಹೆನ್ಸ್ಲೋ ಅವರಿಗೆ ಬರೆದು, ಹಿಚಮ್ ಎಂಬ ಹಳ್ಳಿಯ ಪುಟ್ಟ ಹುಡುಗಿಯರಿಂದ ಬೀಜ ಆರಿಸಿ ಕಳಿಸುವಂತೆ ಕೇಳಿಕೊಂಡರು, ಅದಕ್ಕೆ ಹಣವನ್ನೂ ಕೊಟ್ಟರು. ಹೆನ್ಸ್ಲೋ ಆ ಹಳ್ಳಿಯ ಪಾದ್ರಿ. ಶಾಲೆಯ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ನಿಮ್ಮ ತರಗತಿಯ ಮಕ್ಕಳ ವಯಸ್ಸಿನವರು ಆ ಪತ್ರವ್ಯವಹಾರದ ಒಳಗೇ ಇದ್ದಾರೆ ಎಂದು ಹೇಳಲು ನನಗೆ ನಿಜವಾಗಿ ಸಂತೋಷವಾಗುತ್ತದೆ.

ಒಬ್ಬನೇ ಕೂತ ಋಷಿಯ ಚಿತ್ರ ಎಲ್ಲಿಂದ ಬಂತೆಂದು ನನಗೆ ಗೊತ್ತು. 1842ರಲ್ಲಿ ಕೆಂಟ್ ಸೀಮೆಯ ಡೌನ್ ಹಳ್ಳಿಗೆ ಬಂದ ಡಾರ್ವಿನ್ 1882ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಕಾಯಿಲೆಯ ದೇಹ, ತಿರುಗಾಟ ಕಡಿಮೆ. ಆದರೆ ಅವರು ಹಳ್ಳಿ ಸೇರುವ ಎರಡು ವರ್ಷ ಮೊದಲು, 1840ರಲ್ಲಿ, ಇಂಗ್ಲೆಂಡಿನಲ್ಲಿ ಪೆನ್ನಿ ಎಂಬ ಒಂದು ಸಣ್ಣ ನಾಣ್ಯಕ್ಕೆ ದೇಶದ ಯಾವ ಮೂಲೆಗಾದರೂ ಕಾಗದ ಕಳಿಸುವ ಅಂಚೆ ಶುರುವಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಪೇಪರು ಓದಿ, ಬೆಂಕಿಯ ಪಕ್ಕದ ದೊಡ್ಡ ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟುಕೊಂಡು ಪತ್ರ ಬರೆಯುವುದು ಅವರ ದಿನಚರಿ. ಕಾಟ ಕೊಡುವ ಪತ್ರಗಳಿಗೆ ಉತ್ತರವಾಗಿ ಒಂದು ಅಚ್ಚಿನ ಒಕ್ಕಣೆಯನ್ನೂ ಮಾಡಿಸಿಟ್ಟಿದ್ದರು, ಆದರೆ ಅದನ್ನು ಬಳಸಿದ್ದು ತೀರ ಅಪರೂಪ ಎಂದು ಮಗ ಫ್ರಾನ್ಸಿಸ್ ಬರೆದಿದ್ದಾರೆ. ಸುಮಾರು 2,000 ಮಂದಿಯೊಡನೆ ಅವರು ನಡೆಸಿದ ಸುಮಾರು 15,000 ಪತ್ರಗಳು ಇಂದು ಉಳಿದಿವೆ. ಕೇಂಬ್ರಿಜ್‌ನ ವಿದ್ವಾಂಸರು 1974ರಿಂದ ಅವುಗಳ ಬೆನ್ನು ಹತ್ತಿ 30 ಸಂಪುಟಗಳಲ್ಲಿ ಅಚ್ಚುಮಾಡಿದ್ದಾರೆ.

ಉಳಿದದ್ದೇ ಇಷ್ಟು, ಕಳೆದದ್ದೂ ಬಹಳ. ನಮ್ಮ ಹಳೆಯ ಮನೆಗಳಲ್ಲಿ ತೊಲೆಗೆ ತೂಗುಹಾಕಿದ ಕಂಬಿಗೆ ಕಾಗದಗಳನ್ನು ಚುಚ್ಚಿಡುತ್ತಿದ್ದರಲ್ಲ, ಡಾರ್ವಿನ್ನರೂ ಬಂದ ಪತ್ರಗಳನ್ನು ಹಾಗೇ ಚುಚ್ಚಿಡುತ್ತಿದ್ದರು. ಕಂಬಿಗಳೆಲ್ಲ ತುಂಬಿದರೆ ಹಲವು ವರ್ಷದ ಪತ್ರಗಳನ್ನು ಒಟ್ಟಿಗೆ ಸುಟ್ಟು ಕಂಬಿ ಖಾಲಿಮಾಡಿಕೊಳ್ಳುತ್ತಿದ್ದರು. 1862ಕ್ಕಿಂತ ಮೊದಲು ಅವರಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಗೇ ಹೋದವು. ಬೇಕಾದ ಮಾಹಿತಿ ಇದ್ದ ಪತ್ರವನ್ನು ಕತ್ತರಿಸಿ, ಆ ತುಂಡನ್ನು ಆಯಾ ವಿಷಯದ ಕಡತಕ್ಕೆ ಸೇರಿಸುತ್ತಿದ್ದರು. ದಿನನಿತ್ಯದ ಪತ್ರ ವಿಜ್ಞಾನವಲ್ಲ ಎನ್ನುವ ಮುನ್ನ ಆ ಕತ್ತರಿಯನ್ನು ನೆನೆಯಬೇಕೆಂದು ನನ್ನ ಕೋರಿಕೆ. ಕಾಗದದ ತುಂಡುಗಳೇ ಮುಂದೆ ಪುಸ್ತಕದ ವಾಕ್ಯಗಳಾಗಿವೆ.

ಸಿದ್ಧಾಂತವೂ ಇಂಥ ಪತ್ರಗಳಲ್ಲೇ ಮೊದಲು ಹೊರಬಂತು. ದಕ್ಷಿಣ ಧ್ರುವದ ಕಡೆಯ ಯಾನ ಮುಗಿಸಿ ಬಂದಿದ್ದ ಯುವ ಸಸ್ಯವಿಜ್ಞಾನಿ ಜೋಸೆಫ್ ಹುಕರ್‌ಗೆ 1844ರ ಜನವರಿ 11ರಂದು ಡಾರ್ವಿನ್ ಬರೆದ ಪತ್ರದ ಹೆಚ್ಚಿನ ಭಾಗ ದ್ವೀಪಗಳ ಗಿಡಗಳ ಬಗೆಗಿನ ವಿಚಾರಣೆ. ಅದರ ನಡುವೆ, ಜೀವಜಾತಿಗಳು ಬದಲಾಗದೆ ನಿಂತವಲ್ಲ ಎಂದು ತನಗೆ ಹೆಚ್ಚುಕಡಿಮೆ ಖಚಿತವಾಗಿದೆ, ಇದನ್ನು ಹೇಳುವುದು ಕೊಲೆ ಮಾಡಿದ್ದನ್ನು ಒಪ್ಪಿಕೊಂಡಂತಿದೆ ಎಂಬ ಮಾತು ಬರುತ್ತದೆ. ವಿಕಾಸವಾದದ ಪುಸ್ತಕ ‘ಜೀವಜಾತಿಗಳ ಉಗಮ’ ಹೊರಬಂದದ್ದು ಅದಾಗಿ 15 ವರ್ಷಕ್ಕೆ. 1857ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ ನೈಸರ್ಗಿಕ ಆಯ್ಕೆಯ, ಅಂದರೆ ಬದುಕಿಗೆ ಅನುಕೂಲವಾದ ಗುಣಗಳಿರುವ ಜೀವಿಗಳೇ ಹೆಚ್ಚಾಗಿ ಉಳಿದು ಸಂತಾನ ಬೆಳೆಸುತ್ತವೆ ಎಂಬ ವಿಚಾರದ, ಸಾರವನ್ನೇ ಕೊಟ್ಟರು. ಮರುವರ್ಷ ಆಲ್ಫ್ರೆಡ್ ವಾಲೇಸ್ ದೂರದ ಮಲಯ ದ್ವೀಪಗಳಿಂದ ಅದೇ ವಿಚಾರದ ಬರಹ ಕಳಿಸಿದಾಗ, 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ಪ್ರಕೃತಿವಿಜ್ಞಾನಿಗಳ ಸಂಘದಲ್ಲಿ ವಾಲೇಸರ ಬರಹದೊಂದಿಗೆ ಗ್ರೇಗೆ ಬರೆದ ಆ ಪತ್ರದ ಭಾಗವನ್ನೂ ಓದಲಾಯಿತು. ಡಾರ್ವಿನ್ನರಿಗೆ ಆ ವಿಚಾರ ಮೊದಲೇ ಹೊಳೆದಿತ್ತು ಎಂಬುದಕ್ಕೆ ಸ್ನೇಹಿತರಿಗೆ ಬರೆದ ಕಾಗದವೇ ಸಾಕ್ಷಿಯಾಯಿತು.

ಪಾರಿವಾಳದ ಚರ್ಮದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದಕ್ಕೆ ನಮ್ಮ ನೆಲದ ನಂಟಿದೆ. ಸಾಕಿದ ಪಾರಿವಾಳಗಳ ತಳಿಗಳೆಲ್ಲ ಒಂದೇ ಬಂಡೆ ಪಾರಿವಾಳದಿಂದ ಬಂದವು ಎಂದು ತೋರಿಸಲು ಡಾರ್ವಿನ್ನರಿಗೆ ಬೇರೆ ಬೇರೆ ದೇಶಗಳ ಹಕ್ಕಿಗಳು ಬೇಕಿದ್ದವು. 1856ರಲ್ಲಿ ಅವರು ಮದರಾಸಿನ ಅಧಿಕಾರಿ ವಾಲ್ಟರ್ ಎಲಿಯಟ್‌ಗೆ ಬರೆದರು. ಎಲಿಯಟ್ ಚರ್ಮಗಳನ್ನು ಕಳಿಸಿದರು. 1770ರಲ್ಲಿ ತೀರಿಕೊಂಡ ಲೇಖಕರೊಬ್ಬರ ಪಾರಸಿ ಪಾರಿವಾಳ ಗ್ರಂಥದ ಅನುವಾದವನ್ನೂ ಒದಗಿಸಿದರು. ಡಾರ್ವಿನ್ ತಮ್ಮ ಪುಸ್ತಕಗಳಲ್ಲಿ ಎಲಿಯಟ್‌ರನ್ನು ಹೆಸರಿಸಿ ನೆನೆದಿದ್ದಾರೆ. ಈ ಎಲಿಯಟ್ ಬೇರೆ ಯಾರೂ ಅಲ್ಲ, 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಹತನಾದಾಗ ಕಿತ್ತೂರಿನಲ್ಲಿ ಸೆರೆಸಿಕ್ಕು ಆಮೇಲೆ ಬಿಡುಗಡೆಯಾದವರು. ಧಾರವಾಡದ ಸೀಮೆಯಲ್ಲಿ ಕನ್ನಡ ಶಾಸನಗಳ ಪ್ರತಿ ಮಾಡಿಸಿದವರು, ಅಲ್ಲಿಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದವರು.

ಇಲ್ಲೊಂದು ಮಾತು ನಾನು ಹೇಳಲೇಬೇಕು. ಆ ಹಕ್ಕಿಗಳನ್ನು ಹಿಡಿದವರು, ಚರ್ಮ ಸುಲಿದು ಕೆಡದಂತೆ ಮಾಡಿದವರು ಯಾರು? ಅಂಥವರ ಹೆಸರು ಡಾರ್ವಿನ್ನರ ಪುಸ್ತಕದಲ್ಲಿಲ್ಲ. ಡಾರ್ವಿನ್ನರ ಅಂಚೆ ಓಡಿದ್ದು ಬ್ರಿಟಿಷ್ ಸಾಮ್ರಾಜ್ಯದ ಹಡಗುಗಳಲ್ಲಿ, ಉತ್ತರ ಬರೆದವರಲ್ಲಿ ಅನೇಕರು ಅದೇ ಸಾಮ್ರಾಜ್ಯದ ಅಧಿಕಾರಿಗಳು. ಪತ್ರಗಳನ್ನು ಓದುವಾಗ ನನ್ನನ್ನು ಹೆಚ್ಚು ಕಾಡುವುದು ಈ ಸಂಗತಿ, ಮತ್ತು ಪತ್ರಗಳನ್ನು ಓದದಿದ್ದರೆ ಈ ಪ್ರಶ್ನೆ ನಮಗೆ ಹೊಳೆಯುವುದೂ ಇಲ್ಲ.

ಆದರೂ ಡಾರ್ವಿನ್ ತಮಗೆ ಪತ್ರ ಬರೆದವರ ಅಂತಸ್ತು ನೋಡಿದವರಲ್ಲ. 1862ರಲ್ಲಿ ಎಡಿನ್‌ಬರೋದ ಸಸ್ಯೋದ್ಯಾನದ ತೋಟಗಾರ ಜಾನ್ ಸ್ಕಾಟ್, ಆರ್ಕಿಡ್ ಹೂವೊಂದರ ಬಗ್ಗೆ ನೀವು ಬರೆದದ್ದು ಸರಿಯಿಲ್ಲ ಎಂದು ಪತ್ರ ಹಾಕಿದರು. ಡಾರ್ವಿನ್ ಸಿಟ್ಟಾಗಲಿಲ್ಲ. ಮೇಲಿಂದ ಮೇಲೆ ಪ್ರಶ್ನೆ ಕೇಳಿದರು, ಪ್ರಯೋಗ ಸೂಚಿಸಿದರು, ಅವರ ಪ್ರಬಂಧ ಲಿನಿಯನ್ ಸೊಸೈಟಿ ಮುಟ್ಟುವಂತೆ ಮಾಡಿದರು. ಸ್ಕಾಟ್‌ಗೆ ಅಲ್ಲಿ ಕೆಲಸ ಉಳಿಯದಾದಾಗ ಭಾರತಕ್ಕೆ ಬರಲು ಹಣ ಕೊಟ್ಟರು. ಕಲ್ಕತ್ತೆಯ ಸಸ್ಯೋದ್ಯಾನ ಸೇರಿದ ಸ್ಕಾಟ್ ಅಲ್ಲಿಂದ ಎರೆಹುಳುವಿನ ಹಿಕ್ಕೆ ಕಳಿಸಿದರು. 1881ರ ಎರೆಹುಳು ಪುಸ್ತಕದಲ್ಲಿ ಅದರ ವಿವರವಿದೆ. 1882ರ ಫೆಬ್ರವರಿಯಲ್ಲಿ, ಕೊನೆಯ ದಿನಗಳಲ್ಲಿ, ನಾರ್ಥಾಂಪ್ಟನ್ನಿನ ಬೂಟು ವ್ಯಾಪಾರದ ತರುಣ ವಾಲ್ಟರ್ ಕ್ರಿಕ್, ಕಾಲಿಗೆ ಪುಟ್ಟ ಚಿಪ್ಪೊಂದು ಕಚ್ಚಿಕೊಂಡಿದ್ದ ನೀರು ಜೀರುಂಡೆಯ ಸುದ್ದಿ ಬರೆದರು. ಸಿಹಿನೀರಿನ ಚಿಪ್ಪುಜೀವಿಗಳು ಕೆರೆಯಿಂದ ಕೆರೆಗೆ ಹೋಗುವ ಬಗೆ ಅದು. ಡಾರ್ವಿನ್ ಆ ಚಿಪ್ಪಿನ ಅಳತೆ, ತೂಕ ಸಮೇತ ಬರೆದ ಟಿಪ್ಪಣಿ ಏಪ್ರಿಲ್ 6ರ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಏಪ್ರಿಲ್ 19ಕ್ಕೆ ಅವರು ತೀರಿಕೊಂಡರು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ ಈ ವಾಲ್ಟರ್ ಅವರ ಮೊಮ್ಮಗ.

ನಿಮ್ಮ ಮಕ್ಕಳಿಗೆ ಇದರಿಂದ ಸಿಗುವುದು ಪ್ರಶ್ನೆ ಕೇಳುವ ಕ್ರಮ. 1867ರಲ್ಲಿ ಮನುಷ್ಯರ ಮುಖಭಾವಗಳ ಬಗ್ಗೆ ಡಾರ್ವಿನ್ ಲೋಕಕ್ಕೆಲ್ಲ ಹಂಚಿದ ಪ್ರಶ್ನಾವಳಿಯ ಕೊನೆಯ ಭಾಗವನ್ನು ತರಗತಿಯಲ್ಲಿ ಓದಿ ಹೇಳಿ. ಸಾಮಾನ್ಯ ಅಭಿಪ್ರಾಯಗಳಿಂದ ಹೆಚ್ಚು ಉಪಯೋಗವಿಲ್ಲ, ನೆನಪು ಮೋಸ ಮಾಡುತ್ತದೆ, ದಯವಿಟ್ಟು ಅದನ್ನು ನಂಬಬೇಡಿ ಎಂದು ಅಲ್ಲಿ ಬೇಡಿಕೊಂಡಿದ್ದಾರೆ. ಅಂದರೆ ಕಣ್ಣಾರೆ ಕಂಡದ್ದನ್ನು, ಕಂಡಾಗಲೇ ಬರೆಯಬೇಕು. ನಿಮ್ಮೂರಿನ ಮಾವಿನ ಹೂವಿಗೆ ಯಾವ ಕೀಟ ಯಾವ ಹೊತ್ತಿಗೆ ಬರುತ್ತದೆ ಎಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ಮಕ್ಕಳು ನೋಡಿದ್ದನ್ನು, ನೋಡಿ ತಿಳಿಯದೇ ಹೋದದ್ದನ್ನು ಅವರ ಕೈಬರಹದಲ್ಲೇ ಕಳಿಸಿಕೊಡಿ. ಮುಂದಿನ ಸಂಚಿಕೆಯಿಂದ ಅದಕ್ಕೆ ಒಂದು ಪುಟ ತೆಗೆದಿಡುತ್ತೇವೆ. ಪ್ರತಿ ಪ್ರಶ್ನೆಯನ್ನೂ ಆ ವಿಷಯ ಬಲ್ಲವರಿಗೆ, ಅವರು ಪ್ರಾಧ್ಯಾಪಕರಿರಲಿ, ಜೇನು ಸಾಕುವವರಿರಲಿ, ನಾವೇ ಅಂಚೆಯಲ್ಲಿ ಕಳಿಸಿ ಉತ್ತರ ತರಿಸುತ್ತೇವೆ.

– ಸಂಪಾದಕ