ಚೌಡಿಕಲ್ಲಿನ ಕಳ್ಳಿಮರ ಯಾಕೆ ಸಾಯುತ್ತಿದೆ?

ಪ್ರಶ್ನೆ: ಹೊಲದ ಅಂಚಿನಲ್ಲಿ ನಮ್ಮಜ್ಜನ ಕಾಲದ ಕಳ್ಳಿಮರವಿದೆ, ಮುಮ್ಮೂಲೆ ಕೊಂಬೆಯದು. ಬುಡದಲ್ಲಿ ಚೌಡಿಕಲ್ಲು. ಹೊಲವನ್ನು ಅಡಿಕೆ ತೋಟ ಮಾಡಿ ಮೂರು ವರ್ಷವಾಯಿತು. ಈಗ ಕೊಂಬೆಗಳು ಬೂದಿಬಣ್ಣಕ್ಕೆ ತಿರುಗಿ ಕಳಚಿ ಬೀಳುತ್ತಿವೆ. ಊರವರು ಚೌಡಿಯ ಸಿಟ್ಟು ಎನ್ನುತ್ತಾರೆ. ಏನು ಔಷಧಿ ಹೊಡೆಯಲಿ?
– ಓದುಗರು, ಶಿಕಾರಿಪುರ ತಾಲ್ಲೂಕು

ಉತ್ತರ: ಸದ್ಯಕ್ಕೆ ಏನೂ ಹೊಡೆಯಬೇಡಿ. ಗುದ್ದಲಿ ಹಿಡಿದು ಬುಡಕ್ಕೆ ಹೋಗಿ.

ನನ್ನ ಅನುಮಾನ ನಿಮ್ಮ ಡ್ರಿಪ್ ಪೈಪಿನ ಮೇಲೆ. ಕಳ್ಳಿ ಮೈಯಲ್ಲೇ ನೀರು ಕೂಡಿಟ್ಟುಕೊಂಡು ಬೇಸಿಗೆ ಕಳೆಯುವ ಗಿಡ. ಅಡಿಕೆಗೆ ಬೇಸಿಗೆಯಿಡೀ ನೀರು ಬೇಕು. ಬೇರಿನ ಸುತ್ತ ಸದಾ ತೇವವಿದ್ದರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಬೇರು ಹೋದಮೇಲೆ ಕೊಂಬೆ ನೀರಿಲ್ಲದ್ದರ ಹಾಗೆ ಸುಕ್ಕುಗಟ್ಟುತ್ತದೆ. ನಾವು ಅಯ್ಯೋ ಅಂತ ಇನ್ನೆರಡು ಕೊಡ ಸುರಿಯುತ್ತೇವೆ. ತೀರ್ಥಹಳ್ಳಿಯ ನಮ್ಮ ಅಂಗಳದಲ್ಲಿ ಒಂದನ್ನು ನಾನು ಹೀಗೇ ಕೊಂದೆ, ಜೊತೆಗೆ ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಬೇರೆ! ಜೆಸಿಬಿಯವರು ಬಸಿಗಾಲುವೆ ತೋಡಿ ಆ ಮಣ್ಣನ್ನು ಕಾಂಡಕ್ಕೆ ಒಟ್ಟಿದ್ದರೆ ಅದನ್ನೂ ತೆಗೆಸಿ. ಕಳೆನಾಶಕದ ಹನಿ ಗಾಳಿಗೆ ಹಾರಿ ಹಸಿರು ಕೊಂಬೆಗೆ ತಾಗಿತ್ತೇ, ನೆನಪು ಮಾಡಿಕೊಳ್ಳಿ.

ರೋಗ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ಇದರ ದಾಯಾದಿ ಯುಫೋರ್ಬಿಯಾ ಇಂಜೆನ್ಸ್ ಎಂಬ ದೈತ್ಯ ಕಳ್ಳಿ ಗುಂಪುಗುಂಪಾಗಿ ಸತ್ತಿತು. ಅಲ್ಲೂ ಕೊಂಬೆ ಬೂದಿಬಣ್ಣವೇ. ಪ್ರಿಟೋರಿಯಾ ವಿಶ್ವವಿದ್ಯಾಲಯದವರು ಕಡಿದು ನೋಡಿದಾಗ ಮರದೊಳಗೆ ನೀಲಿ ಕಲೆ, ಲ್ಯಾಸಿಯೋಡಿಪ್ಲೋಡಿಯಾ ಶಿಲೀಂಧ್ರ, ಮೂತಿಹುಳು, ಪತಂಗದ ಮರಿ ಎಲ್ಲ ಸಿಕ್ಕವು. ಆದರೆ ಆ ಸೀಮೆಯಲ್ಲಿ ಬಿಸಿಲೂ ಏರಿತ್ತು, ಮಳೆಯೂ ಇಳಿದಿತ್ತು. ಸೊರಗಿದ ಮರಕ್ಕೇ ಇಂಥವು ಮುತ್ತುವುದು ಹೆಚ್ಚು. ಅಲ್ಲಿ ಬರ, ನಿಮ್ಮಲ್ಲಿ ನೀರು.

ಬಿದ್ದ ಕೊಂಬೆಯನ್ನು ಸೀಳಿ ನೋಡಿ. ಒಳಗೆ ತೂತು, ಹುಳು, ನೀಲಿ ಗೆರೆ ಕಂಡರೆ ದೂರ ಒಯ್ದು ಸುಡಿ, ಹೊಗೆ ಕುಡಿಯಬೇಡಿ. ಕಂದಾಗಿ ನಾರುತ್ತಿದ್ದರೆ ಅದು ಕೊಳೆ. ಹಾಲು ಕಣ್ಣಿಗೆ ಸಿಡಿದರೆ ಅಪಾಯ, ಕನ್ನಡಕವಿಲ್ಲದೆ ಕತ್ತಿ ಎತ್ತಬೇಡಿ.

ಚೌಡಿಯ ವಿಚಾರಕ್ಕೆ ನಾನು ಬಾಯಿ ಹಾಕುವುದಿಲ್ಲ. ಅವಳ ಜಾಗ ಮೊದಲು ಒಣಗಿರುತ್ತಿತ್ತು, ಅಷ್ಟೆ. ಆ ಸಾಲಿನ ಪೈಪು ಮುಚ್ಚಿ. ಕೊಳೆ ನಡುಕಾಂಡಕ್ಕೆ ಏರಿದ್ದರೆ ಮರ ಉಳಿಯುವುದು ಕಷ್ಟ. ಅದಕ್ಕೇ ಸಂಕ್ರಾಂತಿ ಕಳೆದ ಮೇಲೆ ತುದಿಯಿಂದ ಮೊಳದುದ್ದದ ಗಟ್ಟಿ ಕೊಂಬೆ ನಾಲ್ಕು ಕೊಯ್ದು, ಹಾಲು ಸೋರಿಸಿ, ಹದಿನೈದು ದಿನ ನೆರಳಲ್ಲಿ ಗಾಯ ಒಣಗಿಸಿ, ಗರಸು ಮಣ್ಣಿನ ಎತ್ತರದ ಬದುವಿನಲ್ಲಿ ಊರಿ. ನೆಟ್ಟ ದಿನವೇ ನೀರು ಹಾಕಬೇಡಿ.