ಆರು ಪಂದ್ಯಗಳ ನಿಯಮ, ಐದು ಪಂದ್ಯಗಳ ತಂಡ

ಅಮೆರಿಕದ ಕೊಲಂಬಸ್ ನಗರದಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: “ಕೊರೊನಾ ಕಾಲದಲ್ಲಿ ನಡೆದ 2020ರ ಕಾಲೇಜು ಫುಟ್‌ಬಾಲ್ ಋತುವಿನಲ್ಲಿ ಎಲ್ಲ ತಂಡಗಳಿಗೂ ಒಂದೇ ನ್ಯಾಯ ಸಿಗಲಿಲ್ಲ ಎಂದು ನಿಮ್ಮ ಪತ್ರಿಕೆ ಬರೆಯಿತು. ನಮ್ಮೂರಿನ ಓಹಾಯೊ ಸ್ಟೇಟ್ ತಂಡ ಕಡಿಮೆ ಪಂದ್ಯ ಆಡಿದ್ದು ಅದರ ತಪ್ಪೇ? ಮೈದಾನದಲ್ಲಿ ಗೆದ್ದವರನ್ನು ಅನುಮಾನಿಸುವುದು ಸರಿಯೇ?”

ಮಾನ್ಯರೇ,

ನಿಮ್ಮ ಮಾತಿನಲ್ಲಿ ಅರ್ಧವನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತೇನೆ. ಓಹಾಯೊ ಸ್ಟೇಟ್ ಕಳೆದುಕೊಂಡ ಮೂರು ಪಂದ್ಯಗಳಲ್ಲಿ ಎರಡು, ಅಂದರೆ ಮೇರಿಲ್ಯಾಂಡ್ ಮತ್ತು ಮಿಶಿಗನ್ ವಿರುದ್ಧದವು, ಎದುರಾಳಿ ತಂಡಗಳಲ್ಲಿ ಸೋಂಕು ಕಾಣಿಸಿಕೊಂಡಿದ್ದರಿಂದ ರದ್ದಾದವು. ಇಲಿನಾಯ್ ವಿರುದ್ಧದ ಪಂದ್ಯ ಮಾತ್ರ ಅದರದೇ ಪಾಳೆಯದ ಸೋಂಕಿನಿಂದ ನಿಂತಿತು. ಕಾಯಿಲೆ ಬಿದ್ದವರನ್ನು ಅದಕ್ಕಾಗಿ ದೂರುವುದು ಸಲ್ಲದು. ನಮ್ಮ ಆಕ್ಷೇಪವಿರುವುದು ಆಟಗಾರರ ಬಗ್ಗೆ ಅಲ್ಲ, ನಿಯಮ ಮಾಡುವ ಅಧಿಕಾರ ಹೊಂದಿದ್ದವರ ಬಗ್ಗೆ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು ಹೇಳಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ನಾವು ಬಲ್ಲ ಕಾಲ್ಚೆಂಡಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಲ್ಲಿ ಹಂಚಿಹೋಗಿವೆ. ವೇಳಾಪಟ್ಟಿಯನ್ನು ಬಹುಮಟ್ಟಿಗೆ ಆಯಾ ಗುಂಪೇ ನಿರ್ಧರಿಸುತ್ತದೆ. ಕೊನೆಯಲ್ಲಿ ಪ್ರಶಸ್ತಿಗಾಗಿ ಸೆಣಸುವ ನಾಲ್ಕು ತಂಡಗಳನ್ನು ಆಗ 13 ಮಂದಿಯ ಆಯ್ಕೆ ಸಮಿತಿಯೊಂದು ಕೂತು ಆರಿಸುತ್ತಿತ್ತು. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಇದಲ್ಲವಾದ್ದರಿಂದ, ಸಾಮಾನ್ಯ ವರ್ಷದಲ್ಲಿ ಪ್ರತಿ ತಂಡವೂ 12 ಪಂದ್ಯ ಆಡುತ್ತದೆ ಎಂಬುದೊಂದೇ ಹೋಲಿಕೆಗೆ ಸಿಗುವ ಸಮಾನ ನೆಲವಾಗಿತ್ತು. 2020ರಲ್ಲಿ ಆ ನೆಲವೇ ಕುಸಿಯಿತು.

ದಕ್ಷಿಣದ ಎಸ್‌ಇಸಿ ಗುಂಪು ಸೆಪ್ಟೆಂಬರ್ 26ರಂದು ಆಟ ಆರಂಭಿಸಿ ಪ್ರತಿ ತಂಡಕ್ಕೂ ಹತ್ತು ಪಂದ್ಯಗಳನ್ನು ನಿಗದಿ ಮಾಡಿತು. ಓಹಾಯೊ ಸ್ಟೇಟ್ ಇರುವ ಬಿಗ್ ಟೆನ್ ಗುಂಪು ಆಗಸ್ಟ್ 11ರಂದು ಋತುವನ್ನೇ ಮುಂದೂಡಿ, ಸೆಪ್ಟೆಂಬರ್ 16ರಂದು ಆ ತೀರ್ಮಾನವನ್ನು ತಾನೇ ಹಿಂತೆಗೆದುಕೊಂಡು, ಅಕ್ಟೋಬರ್ ಕೊನೆಯ ವಾರದಲ್ಲಿ ಕಣಕ್ಕಿಳಿಯಿತು. ಎಂಟು ವಾರಗಳಲ್ಲಿ ಎಂಟು ಪಂದ್ಯ. ನಡುವೆ ಒಂದು ವಾರದ ಬಿಡುವೂ ಇಲ್ಲ. ರದ್ದಾದ ಪಂದ್ಯವನ್ನು ಮತ್ತೊಂದು ದಿನಕ್ಕೆ ಹಾಕಿಕೊಳ್ಳಲು ಜಾಗವೇ ಇರಲಿಲ್ಲ. ಇಂಥ ವೇಳಾಪಟ್ಟಿ ಮಾಡಿಕೊಂಡ ಗುಂಪೇ, ಕನಿಷ್ಠ ಆರು ಪಂದ್ಯ ಆಡದ ತಂಡಕ್ಕೆ ತನ್ನ ಫೈನಲ್‌ನಲ್ಲಿ ಸ್ಥಾನವಿಲ್ಲ ಎಂಬ ನಿಯಮವನ್ನೂ ಮಾಡಿತು. ಮಿಶಿಗನ್ ಪಂದ್ಯ ರದ್ದಾಗಿ ಓಹಾಯೊ ಸ್ಟೇಟ್ ಐದಕ್ಕೇ ನಿಂತಾಗ, ಡಿಸೆಂಬರ್ 9ರಂದು, ಆ ನಿಯಮವನ್ನು ತೆಗೆದುಹಾಕಲಾಯಿತು.

ಅದರ ಬೆಲೆ ತೆತ್ತದ್ದು ಅದೇ ಗುಂಪಿನ ಇಂಡಿಯಾನಾ ತಂಡ. ನವೆಂಬರ್ 21ರಂದು ನಿಮ್ಮೂರಿನಲ್ಲೇ ನಡೆದ ಪಂದ್ಯವನ್ನು ನೀವು ಮರೆತಿರಲಾರಿರಿ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣಕ್ಕೆ ಅಂದು ಸಾರ್ವಜನಿಕರ ಪ್ರವೇಶವಿರಲಿಲ್ಲ. ಮೂರನೇ ಅವಧಿಯಲ್ಲಿ 7–35ರಿಂದ ಹಿಂದೆ ಬಿದ್ದಿದ್ದ ಇಂಡಿಯಾನಾ ಅಲ್ಲಿಂದ ಎದ್ದು ನಿಂತಿತು. ಅದರ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಮೈಕಲ್ ಪೆನಿಕ್ಸ್ 491 ಗಜಗಳಷ್ಟು ಪಾಸ್ ಎಸೆದು ಐದು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಗಳಿಸುವ ಅಂಕ) ತಂದುಕೊಟ್ಟರು. ಆದರೂ ಪಂದ್ಯ 42–35ರಿಂದ ಓಹಾಯೊ ಸ್ಟೇಟ್ ಪಾಲಾಯಿತು. ಆ ವರ್ಷ ಗುಂಪಿನ ಪಂದ್ಯಗಳಲ್ಲಿ ಇಂಡಿಯಾನಾ ಸೋತದ್ದು ಅದೊಂದನ್ನೇ. ಏಳು ಪಂದ್ಯಗಳಲ್ಲಿ ಆರು ಗೆಲುವು. ನಿಯಮ ಉಳಿದಿದ್ದರೆ ಫೈನಲ್‌ಗೆ ಹೋಗಬೇಕಾಗಿದ್ದದ್ದು ಅದೇ ತಂಡ.

ಬಿಗ್ ಟೆನ್ ನೀಡಿದ ಸಮರ್ಥನೆಯಲ್ಲಿ ತರ್ಕವಿಲ್ಲದಿಲ್ಲ. ಮಿಶಿಗನ್ ವಿರುದ್ಧ ಆಡಿ ಸೋತಿದ್ದರೂ, ಇಂಡಿಯಾನಾವನ್ನು ಸೋಲಿಸಿದ್ದ ಓಹಾಯೊ ಸ್ಟೇಟ್ ತಂಡವೇ ಮುಂದೆ ಹೋಗುತ್ತಿತ್ತು ಎಂಬುದು ನಿಜ. ಆದರೆ ಈ ತರ್ಕ ಸೆಪ್ಟೆಂಬರ್‌ನಲ್ಲಿಯೂ ಅಷ್ಟೇ ಸರಿಯಾಗಿತ್ತಲ್ಲವೇ? ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಗೊತ್ತಿಲ್ಲದಾಗ ಬರೆದ ನಿಯಮವನ್ನು, ಅದು ಗೊತ್ತಾದ ಮೇಲೆ, ರಾಷ್ಟ್ರೀಯ ಪ್ರಶಸ್ತಿಯ ಆಸೆಯುಳ್ಳ ಒಂದೇ ತಂಡಕ್ಕಾಗಿ ಬದಲಿಸುವುದನ್ನು ನಮ್ಮ ಕಡೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ. ಐದೇ ಪಂದ್ಯಗಳಲ್ಲಿ ನಿಂತದ್ದು ಇಂಡಿಯಾನಾ ಆಗಿದ್ದರೆ ಆ ನಿಯಮ ಹೋಗುತ್ತಿತ್ತೆಂದು ನಾನು ನಂಬುವುದಿಲ್ಲ. ಪಶ್ಚಿಮದ ಪ್ಯಾಕ್-12 ಗುಂಪಿನಲ್ಲಿ ವಾಷಿಂಗ್ಟನ್ ತಂಡ ಸೋಂಕಿನಿಂದ ಹಿಂದೆ ಸರಿದಾಗ ಅದರ ಬದಲಿಗೆ ಫೈನಲ್ ಆಡಿದ ಆರೆಗಾನ್ ಗೆದ್ದೇ ಬಿಟ್ಟಿತು. ಅದು ವಿಚಿತ್ರವೆನಿಸಿದರೂ ಅನ್ಯಾಯವೆನಿಸಲಿಲ್ಲ, ಏಕೆಂದರೆ ಅಲ್ಲಿ ಬದಲಾವಣೆ ತಂದದ್ದು ರೋಗ.

ಇನ್ನು ಆಯ್ಕೆ ಸಮಿತಿಯ ವಿಷಯ. ಗುಂಪಿನ ಫೈನಲ್‌ನಲ್ಲಿ ನಾರ್ತ್‌ವೆಸ್ಟರ್ನ್ ತಂಡವನ್ನು 22–10ರಿಂದ ಸೋಲಿಸಿದ ಓಹಾಯೊ ಸ್ಟೇಟ್ ಆರು ಗೆಲುವುಗಳೊಡನೆ ಮೂರನೆಯ ಸ್ಥಾನ ಪಡೆಯಿತು. ಎಂಟು ಗೆದ್ದು, ಅಲಬಾಮಾಕ್ಕೆ ಮಾತ್ರ ಸೋತಿದ್ದ ಟೆಕ್ಸಸ್ ಎ ಅಂಡ್ ಎಂ ಐದನೆಯದಾಗಿ ಹೊರಗುಳಿಯಿತು. ಇದರ ಬಗ್ಗೆ ಎರಡೂ ಕಡೆ ವಾದ ಹೂಡಬಹುದು. ಆದರೆ ಆಡಿದ ಒಂಬತ್ತನ್ನೂ ಗೆದ್ದಿದ್ದ ಸಿನ್ಸಿನಾಟಿಗೆ ಎಂಟನೆಯ ಸ್ಥಾನ ಕೊಟ್ಟು, ಮೂರು ಬಾರಿ ಸೋತ ಫ್ಲಾರಿಡಾವನ್ನು ಅದಕ್ಕಿಂತ ಮೇಲೆ ಕೂರಿಸಿದ್ದನ್ನು ಹೇಗೆ ಸಮರ್ಥಿಸುವುದು? ಪಂದ್ಯಗಳ ಎಣಿಕೆ ಮುಖ್ಯವಲ್ಲ, ಆಟದ ಗುಣಮಟ್ಟ ನೋಡಿದೆವು ಎನ್ನುವುದಾದರೆ ಅಜೇಯ ಸಿನ್ಸಿನಾಟಿಗೂ ಅದೇ ಕಣ್ಣು ಬೇಕಿತ್ತು. ಸಣ್ಣ ಗುಂಪಿನ ತಂಡವೆಂಬುದು ಅದಕ್ಕೆ ಅಡ್ಡಬಂತು. ಆಮೇಲೆ ಜಾರ್ಜಿಯಾದಂಥ ಬಲಿಷ್ಠ ತಂಡದೆದುರು ಅದು ಕೊನೆಯ ಕ್ಷಣಗಳವರೆಗೆ ಹೋರಾಡಿ 24–21ರಿಂದ ಸೋತದ್ದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಮೈದಾನದ ತೀರ್ಪಿನ ಬಗ್ಗೆ ನೀವು ಹೇಳಿದ್ದು ಸರಿ. ಕೋಚ್‌ಗಳು ತಂಡಗಳಿಗೆ ಸ್ಥಾನ ಕೊಡುವ ಮತದಾನದಲ್ಲಿ ಓಹಾಯೊ ಸ್ಟೇಟ್‌ಗೆ 11ನೆಯ ಸ್ಥಾನ ಕೊಟ್ಟಿದ್ದ ಕ್ಲೆಮ್ಸನ್ ಕೋಚ್ ಡಾಬೊ ಸ್ವಿನಿಯವರಿಗೆ ಆ ತಂಡ ಸೆಮಿಫೈನಲ್‌ನಲ್ಲಿ 49–28ರ ಗೆಲುವಿನಿಂದ ಉತ್ತರ ಕೊಟ್ಟಿತು. ರಾಷ್ಟ್ರೀಯ ಫೈನಲ್‌ನಲ್ಲಿ ಅದನ್ನು 52–24ರಿಂದ ಮಣಿಸಿದ ಅಲಬಾಮಾ 13 ಪಂದ್ಯ ಆಡಿ 13ನ್ನೂ ಗೆದ್ದಿತು. ಆ ಪ್ರಶಸ್ತಿಯನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಆದರೆ ಒಳಗೆ ಬಂದವರ ಯೋಗ್ಯತೆಯನ್ನು ಮೈದಾನ ತೋರಿಸಬಲ್ಲದೇ ಹೊರತು, ಬಾಗಿಲಲ್ಲೇ ತಡೆಯಲ್ಪಟ್ಟವರದನ್ನಲ್ಲ.

ಆಟವನ್ನೇ ನಿಲ್ಲಿಸಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ನಮ್ಮಲ್ಲಿ 2020–21ರ ರಣಜಿ ಟ್ರೋಫಿ, 1934ರಲ್ಲಿ ಆರಂಭವಾದ ಮೇಲೆ ಮೊದಲ ಬಾರಿಗೆ, ನಡೆಯಲೇ ಇಲ್ಲ. ಕರ್ನಾಟಕದ ಹುಡುಗರೂ ಒಂದಿಡೀ ಋತುವನ್ನು ಕಳೆದುಕೊಂಡರು. ಹಾಗಾಗಿ ನಿಲ್ಲಿಸಿದ್ದರೆ ಎಲ್ಲರಿಗೂ ನ್ಯಾಯ ಸಿಗುತ್ತಿತ್ತೆಂದು ನಾನು ಹೇಳಲಾರೆ. ಅಮೆರಿಕದ ಕಾಲೇಜು ಕ್ರೀಡಾ ಆಡಳಿತವಾದ ಎನ್‌ಸಿಎಎ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು: 2020ರ ಋತುವನ್ನು ಯಾವ ಆಟಗಾರನ ಅರ್ಹತಾ ಅವಧಿಯ, ಅಂದರೆ ಕಾಲೇಜು ತಂಡದಲ್ಲಿ ಆಡಲು ಸಿಗುವ ವರ್ಷಗಳ, ಲೆಕ್ಕಕ್ಕೂ ಸೇರಿಸಲಿಲ್ಲ. ಕೊಲಂಬಸ್‌ನ ಆ ಪಂದ್ಯದ ಮರುವಾರವೇ ಮೊಣಕಾಲಿನ ಗಾಯದಿಂದ ಹೊರಬಿದ್ದ ಪೆನಿಕ್ಸ್, ಹೀಗೆ ಉಳಿದ ಆ ಒಂದು ವರ್ಷದ ಬಲದಿಂದ, 2024ರ ಜನವರಿಯಲ್ಲಿ ವಾಷಿಂಗ್ಟನ್ ತಂಡದ ಪರವಾಗಿ ರಾಷ್ಟ್ರೀಯ ಫೈನಲ್ ಆಡಿದರು.

– ಸಂಪಾದಕ